ಜಿಮ್ಮಿ ಸ್ಮಿತ್ ಆರ್ಗನ್: ಮೊದಲು ಯಾವ ರೆಕಾರ್ಡ್ ಕೇಳಬೇಕು?

ಆರ್ಗನ್ ಜಾಝ್ ಹೊಸಬರಿಗೆ ಅಮೆರಿಕದ ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರ ಈ ಎರಡು ಆಲ್ಬಂಗಳಲ್ಲಿ ಒಂದು ಸಾಕು. 'ದಿ ಸರ್ಮನ್' ಪಕ್ಕಾ ಜಾಮ್ ಸೆಷನ್. 1958ರಲ್ಲಿ ರೆಕಾರ್ಡ್ ಆದ ಅದರ ಶೀರ್ಷಿಕೆ ಟ್ರ್ಯಾಕ್ 20 ನಿಮಿಷದ ಬ್ಲೂಸ್. ಟ್ರಂಪೆಟ್‌ನ ಲೀ ಮಾರ್ಗನ್, ಸ್ಯಾಕ್ಸೋಫೋನಿನ ಲೂ ಡೊನಾಲ್ಡ್‌ಸನ್, ಹೀಗೆ ಒಬ್ಬರಾದ ಮೇಲೊಬ್ಬರು ನುಡಿಸುತ್ತಾ ಹೋಗುತ್ತಾರೆ, ಹಿಂದೆ ಆರ್ಟ್ ಬ್ಲೇಕಿ ಡ್ರಮ್ಸ್ ಪಟ್ಟು ಬಿಡುವುದೇ ಇಲ್ಲ. ಬೇಸ್‌ಗೆ, ಅಂದರೆ ತಗ್ಗಿನ ಸ್ವರಗಳಿಗೆ, ಬೇರೆ ಜನವಿಲ್ಲ, ಅದೂ ಸ್ಮಿತ್ ಅವರ ಎಡಗೈ ಮತ್ತು ಕಾಲಿನ ಪೆಡಲ್ ಕೆಲಸವೇ! ಹೆಡ್‌ಫೋನ್ ಹಾಕಿ ಬರೀ ಅದನ್ನೇ ಹಿಡಿದು ಕೇಳಿ, ಮೈ ಜುಮ್ ಅನ್ನುತ್ತದೆ.

'ಬ್ಯಾಕ್ ಅಟ್ ದಿ ಚಿಕನ್ ಶ್ಯಾಕ್' 1960ರ ರೆಕಾರ್ಡಿಂಗ್. ನುಡಿಸುವ ಜನ ಕಡಿಮೆ, ಹಾಗಾಗಿ ಒಬ್ಬೊಬ್ಬರಿಗೂ ಜಾಗ ಜಾಸ್ತಿ. ಸ್ಟ್ಯಾನ್ಲಿ ಟರೆಂಟೈನ್ ಸ್ಯಾಕ್ಸ್ ದಪ್ಪ ದನಿಯಲ್ಲಿ, ಬೆಚ್ಚಗೆ. ಅಡುಗೆ ಮಾಡುತ್ತಾ ಸುಮ್ನೆ ಹಾಕಿಕೊಳ್ಳಲು ಇದೇ ಸರಿ. ರಾತ್ರಿ ದೀಪ ಆರಿಸಿ ಕೂತರೆ ಮಾತ್ರ ನನ್ನ ಕೈ ಮೊದಲನೆಯದಕ್ಕೇ ಹೋಗುತ್ತದೆ.