ಕರಿಯನ ಪಾದಕ್ಕೆ ಅರಿಶಿನವೋ, ಅಯೋಡಿನೋ?

ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ನಾಯಿ ಸಾಕಿದವರಿಗೆ ಮಳೆಗಾಲವಿಡೀ ಅದರ ಪಾದ ನೋಡುವುದೇ ಒಂದು ಕೆಲಸ. ಇಂಬಳ (ಜಿಗಣೆ), ಉಣುಗು (ಉಣ್ಣೆ), ಚಗಳಿ (ಕೆಂಪಿರುವೆ); ಇವೆಲ್ಲ ತಪ್ಪಿದರೂ ಆರದೇ ಉಳಿಯುವ ಬೆರಳಸಂದಿ. ನಮ್ಮ ಕರಿಯನಿಗೆ ಮನೆಮದ್ದು, ಅಂಗಡಿ ಮದ್ದು ಎರಡನ್ನೂ ಮಾಡಿ ನೋಡಿದ್ದೇನೆ. ನಾಯಿಗೆ ಹಚ್ಚಿದ್ದೆಲ್ಲ ಕೊನೆಗೆ ಅದರ ಹೊಟ್ಟೆ ಸೇರುತ್ತದೆ. ಹಾಗಾಗಿ ನೆಕ್ಕಿದರೆ ಏನಾಗುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ, ವಾಸಿಯಾಗುತ್ತದೆಯೇ ಎಂಬುದು ಎರಡನೆಯದು.

ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಹಚ್ಚುವುದು ನಮ್ಮ ಅತ್ತೆಯವರ ಕ್ರಮ. ಬೇಸಿಗೆಯಲ್ಲಿ ಒಡೆದ ಅಂಗಾಲಿಗೆ ಎಣ್ಣೆ ಒಳ್ಳೆಯದೇ. ಮಳೆಗಾಲದಲ್ಲಿ ಮಾತ್ರ ಅದು ಒದ್ದೆಯನ್ನು ಬೆರಳಸಂದಿಯಲ್ಲೇ ಹಿಡಿದಿಡುತ್ತದೆ, ಮೇಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಎಣ್ಣೆಯ ರುಚಿಗೆ ಕರಿಯ ನೆಕ್ಕುತ್ತಾನೆ, ನೆಕ್ಕಿದಷ್ಟೂ ಚರ್ಮ ಕೆಂಪಾಗುತ್ತದೆ. ಜಗಲಿಯ ತುಂಬ ಹಳದಿ ಹೆಜ್ಜೆ ಬೇರೆ. ಅತ್ತೆಯವರು ಇದನ್ನು ಇನ್ನೂ ಒಪ್ಪಿಲ್ಲ.

ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ನನ್ನ ಮತ. ನೊರೆ ಬರುವ ಸ್ಕ್ರಬ್ ಅಲ್ಲ, ಬರೀ ದ್ರಾವಣ. ಅಗಲ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿಗೆ ತಿಳಿ ಚಹಾದ ಬಣ್ಣ ಬರುವಷ್ಟು ಬೆರೆಸಬೇಕು. ಕಾಫಿಯ ಬಣ್ಣ ಬಂದರೆ ಹೆಚ್ಚಾಯಿತೆಂದೇ ಅರ್ಥ. ಮಣ್ಣು ತೊಳೆದ ಪಾದವನ್ನು 2ರಿಂದ 5 ನಿಮಿಷ ಅದ್ದಿಡಬೇಕು. ಆಮೇಲಿನ ಕೆಲಸವೇ ಮುಖ್ಯ: ಹಳೆಯ ಪಂಚೆಯ ತುಂಡು ಹಿಡಿದು, ಹೆಬ್ಬೆರಳಿನಿಂದ ಒಂದೊಂದೇ ಸಂದಿಯನ್ನು ಬಿಡಿಸಿ, ಒಳಗಿನ ಕೂದಲು ಒಂದಕ್ಕೊಂದು ಅಂಟದಷ್ಟು ಒಣಗಿಸಬೇಕು. ಇಷ್ಟು ಮಾಡದಿದ್ದರೆ ಯಾವ ಮದ್ದೂ ದಂಡ.

ಪಶುವೈದ್ಯರು ಬರೆದುಕೊಟ್ಟ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಇದಕ್ಕಿಂತ ಬಿಗಿ. ಪಾದ ಹುಳಿ ವಾಸನೆ ಹೊಡೆಯುವಾಗ ಅಯೋಡಿನ್‌ಗಿಂತ ಅದೇ ಮೇಲು. ಆದರೆ ನೊರೆಯನ್ನು 10 ನಿಮಿಷ ಹಾಗೇ ಬಿಟ್ಟು ಆಮೇಲೆ ತೊಳೆಯಬೇಕು. ಅಷ್ಟು ಹೊತ್ತು ಕರಿಯನನ್ನು ಹಿಡಿದು ನಿಲ್ಲಿಸುವುದಕ್ಕಿಂತ ಮೆಣಸಿನ ಬಳ್ಳಿಗೆ ಏಣಿ ಹಾಕುವುದು ಸುಲಭ. ವಾರಕ್ಕೊಮ್ಮೆ ಸರಿ, ದಿನಾ ಸಾಧ್ಯವಿಲ್ಲ. ತೋಟಕ್ಕೆ ಬೋರ್ಡೋ (ಗಿಡದ ರೋಗಕ್ಕೆ ಸಿಂಪಡಿಸುವ ದ್ರಾವಣ) ಹೊಡೆದ ದಿನ ಮಾತ್ರ ಮದ್ದಿನ ಮಾತೇ ಬೇಡ. ಅದರಲ್ಲಿರುವುದು ಮೈಲುತುತ್ತು ಮತ್ತು ಸುಣ್ಣ. ನಾಯಿ ನೆಕ್ಕುವ ಮೊದಲೇ ಧಾರಾಳ ನೀರಿನಲ್ಲಿ ತೊಳೆದುಬಿಡಬೇಕು.

ಚಗಳಿ ಕಚ್ಚಿದರೆ ಅಡುಗೆ ಸೋಡಾ ಕಲಸಿ ಹಚ್ಚಿ ಎನ್ನುವವರಿದ್ದಾರೆ. ಅದು ಉದುರುತ್ತದೆ, ಇಲ್ಲವೇ ನಾಯಿ ತಿನ್ನುತ್ತದೆ. ಮೊದಲು ಕಚ್ಚಿ ಹಿಡಿದ ಇರುವೆಗಳನ್ನು ಬಿಡಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಬೇಗ ಶಮನ. (ಅದೇ ಚಗಳಿಯನ್ನು ನಾವು ಚಟ್ನಿ ಅರೆದು ತಿನ್ನುತ್ತೇವೆ, ಆ ಮಾತು ಬೇರೆ.) ಇಂಬಳಕ್ಕೆ ಆಳುಗಳು ಕಟ್ಟಿಕೊಳ್ಳುವ ಹೊಗೆಸೊಪ್ಪು-ಸುಣ್ಣದ ಬಟ್ಟೆಯನ್ನು ನಾಯಿಗೆ ಖಂಡಿತ ಕಟ್ಟಬಾರದು, ಹೊಗೆಸೊಪ್ಪಿನ ನಿಕೋಟಿನ್ ಅದಕ್ಕೆ ವಿಷ. ಉಪ್ಪು ಹಾಕಿದರೆ ಇಂಬಳ ಬೀಳುತ್ತದೆ, ಗಾಯ ಉರಿಯುತ್ತದೆ. ಉಗುರಿನಿಂದ ಅದರ ಬಾಯಿಯ ಬಳಿ ಮೆಲ್ಲಗೆ ಜಾರಿಸುವುದೇ ವಾಸಿ.

ಉಣುಗಿಗೆ ಸೀಮೆಎಣ್ಣೆ ಬೇಡ. ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಉಣುಗು ಕೊಲ್ಲುವ ಫ್ಲುರಾಲೇನರ್ ಮಾತ್ರೆ ದುಬಾರಿಯಾದರೂ ಒಂದು ಮಾತ್ರೆಗೆ ಸುಮಾರು 12 ವಾರ ನಿಶ್ಚಿಂತೆ. ಫಿಟ್ಸ್ ಬರುವ ನಾಯಿಯಾದರೆ ವೈದ್ಯರನ್ನು ಕೇಳದೆ ಕೊಡಬಾರದು. ಮನೆಯ ಕಪಾಟಿನಲ್ಲಿರುವ ಕ್ಯಾಲಮೈನ್, ಕರ್ಪೂರದ ಮುಲಾಮು ಎರಡೂ ನೆಕ್ಕಿದರೆ ಕೇಡು.

ಜೇನೋ ಕಣಜವೋ ಕುಟುಕಿ ಮುಖ ಊದಿದರೆ, ಉಸಿರಾಟ ಏರಿದರೆ ಇದಾವುದನ್ನೂ ಹುಡುಕುತ್ತ ಕೂರದೆ ಪಶು ಆಸ್ಪತ್ರೆಗೆ ಹೊರಡಬೇಕು. ಒಂದೇ ಪಾದವನ್ನು ಬಿಡದೆ ನೆಕ್ಕುತ್ತಿದ್ದರೆ ಅಲ್ಲಿ ಮುಳ್ಳೋ ಉಣುಗೋ ಇದೆಯೇ ಎಂದು ನೋಡಿ. ನಾಲ್ಕನ್ನೂ ನೆಕ್ಕುತ್ತಿದ್ದರೆ ಅಲರ್ಜಿ ಇರಬಹುದು, ಅದನ್ನು ಬೋಗುಣಿ ನೀರಿನಲ್ಲಿ ಗುಣಪಡಿಸಲಾಗದು.