ಎಎಸ್‌ಕೆ 21 ಗ್ಲೈಡರ್: ಕಲಿಯೋರಿಗೆ ಇದಕ್ಕಿಂತ ಒಳ್ಳೇದು ಬೇಕಾ?

ಜರ್ಮನಿಗೆ ಬಂದ್ಮೇಲೆ ಗ್ಲೈಡಿಂಗ್ ಕಲಿಯೋಕೆ ಶುರು ಮಾಡ್ದೆ, ಕ್ಲಬ್ಬಲ್ಲಿ ಇರೋದು ಶ್ಲೈಷರ್ ಕಂಪನಿಯ ಎಎಸ್‌ಕೆ 21, ಮುಂದಿನ ಸೀಟಲ್ಲಿ ನಾವು ಹಿಂದೆ ಮೇಷ್ಟ್ರು. ಈ ವಿಮಾನಕ್ಕೆ ಇಂಜಿನ್ ಇಲ್ಲ, ಆದ್ರೂ ಗಾಳಿ ಸುಮ್ನಿದ್ರೆ 1 ಕಿ.ಮೀ. ಎತ್ತರದಿಂದ ಸುಮಾರು 34 ಕಿ.ಮೀ. ಜಾರ್ಕೊಂಡು ಹೋಗತ್ತೆ ಅಂದ್ರೆ ನೋಡಿ!

ಈ ಕಂಪನಿ ಕಥೇನೇ ಚೆಂದ. ಅಲೆಕ್ಸಾಂಡರ್ ಶ್ಲೈಷರ್ ಗ್ಲೈಡಿಂಗ್ ಸ್ಪರ್ಧೇಲಿ ಗೆದ್ದ ಬಹುಮಾನದ ದುಡ್ಡಲ್ಲಿ 1927ರಲ್ಲಿ ವಾಸರ್‌ಕುಪ್ಪೆ ಬೆಟ್ಟದ ಹತ್ರ ಪೊಪ್ಪೆನ್‌ಹೌಸೆನ್ ಊರಲ್ಲಿ ಶುರು ಮಾಡಿದ್ದು, ಇವತ್ತಿಗೂ ಅಲ್ಲೇ ಗ್ಲೈಡರ್ ಮಾಡ್ತಾರೆ. ಹೆಸರಲ್ಲಿರೋ ಕೆ ಅಂದ್ರೆ ಡಿಸೈನರ್ ರುಡಾಲ್ಫ್ ಕೈಸರ್. ಅವರ ಹಳೇ ಎಎಸ್‌ಕೆ 13 ಸ್ಟೀಲ್ ಪೈಪು, ಮರ, ಬಟ್ಟೆದು, ಆಮೇಲೆ 1970ರ ದಶಕದ ಕೊನೇಲಿ ಬಂದ ಈ 21 ಪೂರ್ತಿ ಫೈಬರ್‌ಗ್ಲಾಸ್, ರೆಕ್ಕೆ ತುದಿಯಿಂದ ತುದಿಗೆ 17 ಮೀಟರ್.

ಕಂಟ್ರೋಲ್ ತುಂಬಾ ಮೆತ್ತಗೆ, ನಮ್ಮ ತಪ್ಪನ್ನ ತಾಯಿ ಥರ ಸಹಿಸ್ಕೊಳತ್ತೆ. ಎಷ್ಟು ಸಾಧು ಅಂದ್ರೆ ಸ್ಪಿನ್ (ವಿಮಾನ ಗಿರಗಿರ ತಿರುಗ್ತಾ ಕೆಳಗಿಳಿಯೋದು) ಕಲಿಸ್ಬೇಕಾದ್ರೆ ಬಾಲಕ್ಕೆ ತೂಕ ಕಟ್ಬೇಕು, ಇಲ್ದಿದ್ರೆ ಸುಲಭಕ್ಕೆ ಸ್ಪಿನ್ ಆಗಲ್ಲ. ನೆಲದ ಮೇಲೆ ತಳ್ಳೋಕೆ ಮಾತ್ರ ಭಾರ, ಖಾಲಿ ಇದ್ರೂ ಸುಮಾರು 360 ಕಿಲೋ, ಮೂರ್ನಾಲ್ಕು ಜನ ಕೈ ಹಾಕ್ಲೇಬೇಕು. ನನ್ ಕಡೆಯಿಂದ 5ಕ್ಕೆ 5.