ಮುಂಗುಸಿಗೆ ಮಾತ್ರ ಗ್ಯಾರಂಟಿ: ಹಸಿರು ಜಾಲರಿಯ ಕೋಳಿಗೂಡು ಕೊಳ್ಳುವ ಮುಂಚೆ ಇದನ್ನು ಓದಿ

ರೆಡಿಮೇಡ್ ಕೋಳಿಗೂಡಿಗೆ ಮುಂಗಡ ಕೊಡಲು ಹೊರಟವರು ಯಾರಾದರೂ ಇದ್ದರೆ ದಯವಿಟ್ಟು ಇವತ್ತೊಂದು ದಿನ ತಡೆಯಿರಿ. 19,500 ರೂಪಾಯಿ ಕೊಟ್ಟು ತಂದ ಗೂಡಿನಲ್ಲಿ ಒಂದೇ ರಾತ್ರಿ ನನ್ನ ಹನ್ನೊಂದು ಕೋಳಿಗಳು ಹೋದವು. ಬಾಗಿಲು ಹಾಕಲು ಮರೆತಿರಲಿಲ್ಲ. ಚಿಲಕ ಹಾಕಿ, ಬೀಗ ಜಡಿದು, ಕೀಲಿಯನ್ನು ದೇವರ ಕೋಣೆಯ ಮೊಳೆಗೆ ನೇತುಹಾಕಿಯೇ ಮಲಗಿದ್ದೆ. ಬೆಳಿಗ್ಗೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಆ ಬೀಗವನ್ನು ನೋಡಿದರೆ ಈಗಲೂ ಮೈ ಉರಿಯುತ್ತದೆ.

ಅಂಗಡಿಯ ಹೆಸರು ಬರೆಯುವುದಿಲ್ಲ, ಬರೆದರೆ ಅದೇ ಇನ್ನೊಂದು ರಗಳೆ. ಗೇಟು, ಗ್ರಿಲ್ಲು, ನಾಯಿಗೂಡು, ಕೋಳಿಗೂಡು ಎಲ್ಲವನ್ನೂ ಮಾಡಿಕೊಡುವ ಪೇಟೆಯ ಒಂದು ವೆಲ್ಡಿಂಗ್ ಅಂಗಡಿ ಎಂದುಕೊಳ್ಳಿ. ಇಂಥವು ಎಲ್ಲ ಊರಿನಲ್ಲೂ ಇವೆ. ನೀವು ಗಮನಿಸಬೇಕಾದದ್ದು ಅವನ ಮಾತಿನ ವರಸೆಯನ್ನು.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮನೆಯ ಹಿಂದೆ ಅಡಿಕೆ ತೋಟ, ಅದರಾಚೆ ಹಾಡ್ಯ, ಅಂದರೆ ಕಾಡು. ಬೆಂಗಳೂರಿನ ಕೆಲಸ ಬಿಟ್ಟು ಬಂದು ಮೂರು ವರ್ಷವಾಯಿತು. ಬಂದವನು ಅಮ್ಮನ ನಾಲ್ಕು ನಾಟಿ ಕೋಳಿಗಳ ಜೊತೆಗೆ ಆರು ಗಿರಿರಾಜ, ಐದು ಸ್ವರ್ಣಧಾರಾ ತಂದು ಬಿಟ್ಟೆ. ಅಲ್ಲಿಯವರೆಗೆ ಕೋಳಿಗಳು ಅಪ್ಪ ಮಾಡಿಸಿದ್ದ ಹಲಸಿನ ಹಲಗೆಯ ಒಡ್ಡಿಯಲ್ಲಿ ಮಲಗುತ್ತಿದ್ದವು. ನಾಲ್ಕು ಕಾಲಿನ ಮೇಲೆ ನಿಂತ ಪೆಟ್ಟಿಗೆ ಅದು. ಬೆರಳು ತೂರುವಷ್ಟು ಸಂದಿಯೂ ಇಲ್ಲ, ಗಾಳಿಗೆ ಮೇಲೆ ನಾಲ್ಕೈದು ತೂತು, ಬಾಗಿಲಿಗೆ ಮರದ ಅಗಳಿ. ಒಂದು ಕಾಲಿಗೆ ಗೆದ್ದಲು ಹಿಡಿದಿತ್ತು. ‘ಆ ಕಾಲೊಂದನ್ನು ಬದಲಾಯಿಸು, ಸಾಕು’ ಎಂದು ಅಮ್ಮ ಹೇಳಿದ್ದರು. ನಾನು ಕೇಳಲಿಲ್ಲ. ಒಡ್ಡಿ ಇಕ್ಕಟ್ಟು, ಗಾಳಿ ಸಾಲದು, ಕೋಳಿಗಳಿಗೂ ಸ್ವಲ್ಪ ಅನುಕೂಲ ಬೇಡವೇ ಎಂದೆಲ್ಲ ಭಾಷಣ ಮಾಡಿದೆ. ಆ ಭಾಷಣ ನೆನಪಾದಾಗಲೆಲ್ಲ ತಲೆ ತಗ್ಗಿಸುವ ಹಾಗಾಗುತ್ತದೆ.

ಗೂಡಿನ ಹುಚ್ಚು ಹತ್ತಿದ್ದಕ್ಕೆ ಒಂದು ಕಾರಣವೂ ಇತ್ತು. ಬೇಸಿಗೆಯಲ್ಲಿ ಒಂದು ಹೇಟೆ ಒಂಬತ್ತು ಮರಿ ಮಾಡಿತ್ತು. ಹಾಡುಹಗಲಲ್ಲಿ, ನಾನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುವಾಗಲೇ, ಮುಂಗುಸಿ ಅಡಿಕೆ ಮರಗಳ ಬುಡದಿಂದ ಬಂದು ಒಂದೊಂದಾಗಿ ಆರು ಮರಿ ಒಯ್ದಿತು. ಉಳಿದ ಮೂರನ್ನು ಗಿಡುಗ ಮುಗಿಸಿತು. ಅಂಗಡಿಗೆ ಹೋದವನೇ ನಾನು ಹೇಳಿದ ಮೊದಲ ಮಾತು, ‘ನಮ್ಮಲ್ಲಿ ಮುಂಗುಸಿ ಕಾಟ ಜಾಸ್ತಿ.’ ಅವನಿಗೆ ಅಷ್ಟೇ ಬೇಕಿತ್ತು. ಮೋಸ ಹೋಗಲು ಬೇಕಾದ ಪದವನ್ನು ನಾನೇ ಅವನ ಕೈಗಿತ್ತೆ.

‘ಮುಂಗುಸಿಯೇ? ಅದರ ಚಿಂತೆ ಬಿಡಿ ಸರ್. ಮುಂಗುಸಿ ಈ ಗೂಡಿಗೆ ಹೊಕ್ಕರೆ ನಾನು ಅಂಗಡಿ ಮುಚ್ಚುತ್ತೇನೆ. ಎರಡು ವರ್ಷ ಗ್ಯಾರಂಟಿ, ಬರೆದೇ ಕೊಡುತ್ತೇನೆ.’

ಬರೆದೂ ಕೊಟ್ಟ. ‘ಮುಂಗುಸಿ ಗ್ಯಾರಂಟಿ 2 ವರ್ಷ’ ಎಂದು ಕೆಂಪು ಶಾಯಿಯಲ್ಲಿ ಬರೆದು ಕೆಳಗೆರಡು ಗೆರೆ ಎಳೆದ. ಆ ಚೀಟಿಯನ್ನು ಪರ್ಸಿನಲ್ಲಿ ಮಡಿಸಿಟ್ಟುಕೊಂಡು, ನಾನು ಎಷ್ಟು ಜಾಣ, ಬಾಯಿಮಾತಿಗೆ ಬಿಡದೆ ಬರೆಸಿಕೊಂಡೆನಲ್ಲ ಎಂದು ಬಸ್ಸಿನಲ್ಲಿ ಕೂತು ಬೀಗಿದೆ.

ಜಾಲರಿ ತೋರಿಸುವಾಗ ಇನ್ನೊಂದು ಮಾತು ಹೇಳಿದ. ‘ಬೇರೆ ಕಡೆ ಹೋದರೆ 16 ಗೇಜ್ ತಂತಿ ಹಾಕುತ್ತಾರೆ ಸರ್, ವಿಚಾರಿಸಿ ನೋಡಿ. ನಾವು ಹಾಕುವುದು 22.’ ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದು ಸಾಲದೆಂದು ಮನೆಗೆ ಬಂದು ಅಮ್ಮನ ಮುಂದೆ, ಪಕ್ಕದ ಮನೆಯವರ ಮುಂದೆ, ಹಾಲಿನ ಡೇರಿಯಲ್ಲಿ ಸಿಕ್ಕವರ ಮುಂದೆ ‘ಇಪ್ಪತ್ತೆರಡು ಗೇಜ್ ತಂತಿ!’ ಎಂದು ಸಾರಿದೆ. ಗೊತ್ತಿದ್ದವರು ಈಗಾಗಲೇ ನಗುತ್ತಿರುತ್ತೀರಿ. ನಗಿ.

ಮೇ ಕೊನೆಯಲ್ಲಿ ಗೂಡು ಬಂತು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೇಲೆ ತಗಡು, ಸುತ್ತಲೂ ದಪ್ಪಗೆ ಕಾಣುವ ಹಸಿರು ಜಾಲರಿ, ನಾಲ್ಕು ಮೂಲೆಯಲ್ಲಿ ಮಿಣಮಿಣ ಎನ್ನುವ ಕೆಂಪು ಸೋಲಾರ್ ದೀಪ. ‘ಇದನ್ನು ಕಂಡರೆ ಚಿರತೆಯೂ ಹತ್ತಿರ ಬರುವುದಿಲ್ಲ’ ಎಂದು ಕೂರಿಸಲು ಬಂದ ಹುಡುಗ ಹೇಳಿದ. ಹೋಗುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಂಡ. ನನಗೆ ಹೆಮ್ಮೆಯೇ ಆಯಿತು.

ಒಂದು ನಾಟಿ ಹೇಟೆ ಮಾತ್ರ ಆ ಗೂಡಿಗೆ ಕಾಲಿಡಲಿಲ್ಲ. ಸಂಜೆ ಹಿಡಿದು ಒಳಗೆ ಹಾಕಲು ಹೋದರೆ ಕಿರುಚಿಕೊಂಡು ಹಾರಿ ಹಲಸಿನ ಮರ ಹತ್ತುತ್ತಿತ್ತು. ಮಳೆಯಲ್ಲೂ ಅಲ್ಲೇ ಮಲಗುತ್ತಿತ್ತು.

ಇನ್ನು ಆ ರಾತ್ರಿ. ಆಷಾಢದ ಮಳೆ, ಹೆಂಚಿನ ಮೇಲೆ ಬೀಳುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೇ ಕೇಳಿಸುತ್ತಿರಲಿಲ್ಲ. ನಾಯಿ ಜಗಲಿಯ ಮೂಲೆಯಲ್ಲಿ ಮುದುರಿಕೊಂಡಿತ್ತು, ಅದು ಬೊಗಳಿತೋ ಇಲ್ಲವೋ ನಮಗೆ ತಿಳಿಯದು. ಬೆಳಿಗ್ಗೆ ಅಮ್ಮ ಒಲೆಗೆ ಬೆಂಕಿ ಹಾಕುತ್ತಾ, ‘ಹುಂಜ ಇನ್ನೂ ಕೂಗಲೇ ಇಲ್ಲವಲ್ಲ ಮಾರಾಯ’ ಎಂದರು.

ಒಂಬತ್ತು ಹೆಣ. ಎರಡರ ಪತ್ತೆಯೇ ಇಲ್ಲ. ಮೂರು ಒಂದರ ಮೇಲೊಂದು ಹತ್ತಿ ಮೂಲೆಗೆ ಒತ್ತಿಕೊಂಡು ನಿಂತಿದ್ದವು, ಬಾಗಿಲು ತೆರೆದರೂ ಹೊರಗೆ ಬರಲಿಲ್ಲ. ಸತ್ತವುಗಳಲ್ಲಿ ಹೆಚ್ಚಿನವಕ್ಕೆ ಕುತ್ತಿಗೆಯಲ್ಲಿ ಕಚ್ಚಿದ ಗುರುತು ಬಿಟ್ಟರೆ ಬೇರೆ ಗಾಯವಿಲ್ಲ. ಗಿರಿರಾಜ ಆರಕ್ಕೆ ಆರೂ ಹೋಗಿದ್ದವು. ಸ್ವರ್ಣಧಾರಾ ಮೈ ಹಗುರ, ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳುತ್ತದೆ ಎಂದು ಹೇಳುತ್ತಾರೆ, ಆ ಕಾರಣಕ್ಕೇ ತಂದಿದ್ದೆ. ತಪ್ಪಿಸಿಕೊಂಡು ಎಲ್ಲಿಗೆ ಹೋಗಬೇಕು? ಬೀಗ ಹಾಕಿದ್ದವನು ನಾನು.

ಹಿಂಭಾಗದ ಕೆಳಮೂಲೆಯಲ್ಲಿ ಜಾಲರಿ ಪರದೆ ಸರಿಸಿದ ಹಾಗೆ ಒಳಗೆ ಮಡಚಿಕೊಂಡಿತ್ತು. ಜಾಲರಿಯನ್ನು ಚೌಕಟ್ಟಿಗೆ ಬೆಸೆದಿರಲಿಲ್ಲ. ಅಲ್ಲೊಂದು ಇಲ್ಲೊಂದು ಕಟ್ಟುತಂತಿಯಿಂದ ಬಿಗಿದು ಮೇಲೆ ಹಸಿರು ಬಣ್ಣ ಬಳಿದಿದ್ದರು. ನಾಲ್ಕು ಕಟ್ಟು ಬಿಚ್ಚಿಕೊಂಡಿದ್ದವು. ಬೇಲಿ ಕೆಲಸ ಮಾಡುವ ಪಕ್ಕದ ಮನೆಯವರು ಬಂದು ನೋಡಿದರು. ತಗಡಿನ ಮೇಲೆ ಬಿದ್ದಿದ್ದ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿ, ಅದರಲ್ಲಿದ್ದ ಬಗನಿ ಹಣ್ಣಿನ ಬೀಜ ತೋರಿಸಿ, ‘ಕಬ್ಬೆಕ್ಕು ತಮ್ಮಾ’ ಎಂದರು. ಹಣ್ಣನ್ನೂ ಕೋಳಿಯನ್ನೂ ತಿನ್ನುವ, ರಾತ್ರಿ ತಿರುಗುವ ಕಾಡುಪ್ರಾಣಿ ಅದು. ಆಮೇಲೆ ಜೇಬಿನಿಂದ ಚಾಕು ತೆಗೆದು ಜಾಲರಿಯ ಒಂದು ಎಳೆಯ ಮೇಲಿನ ಹಸಿರನ್ನು ಹೆರೆದರು. ಹಸಿರು ಹೆರೆದಷ್ಟೂ ಬಂತು, ಅದು ಪ್ಲಾಸ್ಟಿಕ್. ಕೊನೆಗೆ ಒಳಗಿನಿಂದ ಸಿಕ್ಕಿದ್ದು ಹೂ ಕಟ್ಟುವ ದಾರಕ್ಕಿಂತ ತುಸು ದಪ್ಪದ ತಂತಿ. ಎರಡು ಬೆರಳಲ್ಲಿ ಹಿಡಿದು ನಾಲ್ಕು ಸಲ ಆಚೀಚೆ ಬಗ್ಗಿಸಿದರು. ಕಡಿಯಿತು.

‘ಇಪ್ಪತ್ತೆರಡು ಗೇಜ್ ಅಲ್ಲವೇ ಇದು?’ ಎಂದೆ, ಇನ್ನೂ ಬುದ್ಧಿ ಬಾರದವನ ಹಾಗೆ.

‘ಹೌದಪ್ಪ. ಗೇಜ್ ಏರಿದ ಹಾಗೆ ತಂತಿ ಇಳಿಯುತ್ತದೆ. 16 ಎಂದರೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. 22 ಎಂದರೆ ಅದರ ಅರ್ಧವೂ ಇಲ್ಲ.’ ಅವರು ನಗಲಿಲ್ಲ. ನಕ್ಕಿದ್ದರೇ ಒಳ್ಳೆಯದಿತ್ತು. ಹಿಂದಿನ ತಿಂಗಳು ನಾನು ಡೇರಿಯಲ್ಲಿ ಕೊಚ್ಚಿಕೊಂಡಾಗ ಅವರೂ ಅಲ್ಲಿದ್ದರು.

ಒಂಬತ್ತು ಗಂಟೆಗೆ ಅಂಗಡಿಗೆ ಫೋನ್ ಮಾಡಿದೆ. ಆ ಮಾತುಕತೆಯನ್ನು ಇದ್ದ ಹಾಗೇ ಬರೆಯುತ್ತೇನೆ.

‘ಅಯ್ಯೋ ಪಾಪ! ಎಷ್ಟು ಸರ್?’

‘ಹನ್ನೊಂದು.’

‘ಛೆ ಛೆ. ಹಗಲೋ ರಾತ್ರಿಯೋ?’

‘ರಾತ್ರಿ.’

ಆ ಕಡೆ ಒಂದು ಗಳಿಗೆ ಮೌನ. ಆಮೇಲೆ ಬಂದ ದನಿಯಲ್ಲಿ ಮರುಕ ಇರಲಿಲ್ಲ, ನಿರಾಳವಿತ್ತು.

‘ಹಾಗಾದರೆ ಅದು ಮುಂಗುಸಿ ಅಲ್ಲ ಸರ್. ಮುಂಗುಸಿ ಹಗಲು ತಿರುಗುವ ಪ್ರಾಣಿ, ರಾತ್ರಿ ಬಿಲದಲ್ಲಿರುತ್ತದೆ. ಬೇಕಾದರೆ ಮೊಬೈಲಿನಲ್ಲಿ ನೋಡಿ. ನಮ್ಮ ಗ್ಯಾರಂಟಿ ಇರುವುದು ಮುಂಗುಸಿಗೆ.’

ಫೋನ್ ಹಿಡಿದುಕೊಂಡು ನಿಂತೇ ಇದ್ದೆ. ಅವನು ಹೇಳಿದ್ದು ನಿಜ. ನಾನೇ ಕಣ್ಣಾರೆ ನೋಡಿದ್ದೇನೆ, ಮುಂಗುಸಿ ಬಂದದ್ದು ಹಗಲಲ್ಲಿ. ಹಗಲಲ್ಲಿ ಕೋಳಿಗಳು ಇರುವುದು ತೋಟದಲ್ಲಿ. ಗೂಡಿನಲ್ಲಿ ಇರುವುದು ರಾತ್ರಿ. ರಾತ್ರಿ ಮುಂಗುಸಿ ಬರುವುದಿಲ್ಲ. ಅಂದರೆ ಕೋಳಿ ಗೂಡಿನಲ್ಲಿರುವಾಗ ಮುಂಗುಸಿ ಇಲ್ಲ, ಮುಂಗುಸಿ ಇರುವಾಗ ಗೂಡಿನಲ್ಲಿ ಕೋಳಿ ಇಲ್ಲ. ಎರಡು ವರ್ಷವಲ್ಲ, ಇಪ್ಪತ್ತು ವರ್ಷದ ಗ್ಯಾರಂಟಿ ಬರೆದುಕೊಟ್ಟಿದ್ದರೂ ಅವನಿಗೆ ನಷ್ಟದ ಭಯವಿರಲಿಲ್ಲ. ಕೆಂಪು ಶಾಯಿ, ಕೆಳಗೆ ಎರಡು ಗೆರೆ! ಅದನ್ನು ಬರೆಯುವಾಗ ಅವನಿಗೆ ಒಳಗೊಳಗೇ ಎಷ್ಟು ನಗು ಬಂದಿರಬೇಕು. ಕೋಳಿ ಸತ್ತದ್ದಕ್ಕಿಂತ ಈ ಯೋಚನೆ ನನ್ನನ್ನು ಹೆಚ್ಚು ಸುಟ್ಟಿತು. ಸುಳ್ಳೇಕೆ ಹೇಳಲಿ.

ಮಧ್ಯಾಹ್ನ ಮತ್ತೆ ಫೋನ್ ಮಾಡಿದೆ, ತಂತಿಯ ವಿಷಯಕ್ಕೆ. ‘22 ಎಂದು ಹೇಳಿಯೇ ಕೊಟ್ಟಿದ್ದೇನಲ್ಲ ಸರ್. 16 ಎಂದು ಹೇಳಿ 22 ಕೊಟ್ಟಿದ್ದರೆ ಅದು ಮೋಸ. ನೀವೇ ಒಪ್ಪಿದ್ದೀರಿ.’ ದೀಪ ಉರಿಯಲೇ ಇಲ್ಲವಲ್ಲ ಎಂದೆ. ‘ಸೋಲಾರ್ ಸರ್ ಅದು, ಬಿಸಿಲು ಬೇಕು.’ ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯಲ್ಲಿ ಬಿಸಿಲು! ‘ಮಳೆಗಾಲಕ್ಕೆ ಬೇರೆ ಮಾಡೆಲ್ ಇದೆ, ನೀವು ಕೇಳಲಿಲ್ಲ.’ ಮೂರನೆಯ ಸಲ ಅವನು ಎತ್ತಲಿಲ್ಲ. ಸಂಜೆ ಒಂದು ಧ್ವನಿ ಸಂದೇಶ ಬಂತು: ‘ಕಾಡಿನ ಪಕ್ಕ ಗೂಡು ಇಟ್ಟರೆ ಯಾರು ಏನು ಮಾಡಲಾಗುತ್ತದೆ ಸರ್.’ ಈ ಸೀಮೆಯಲ್ಲಿ ಕಾಡಿನ ಪಕ್ಕ ಇಲ್ಲದ ಹಿತ್ತಿಲು ಎಲ್ಲಿದೆ, ಅವನೇ ತೋರಿಸಲಿ.

ಅವನು ಒಂದು ಸುಳ್ಳನ್ನೂ ಹೇಳಲಿಲ್ಲ ನೋಡಿ. ಅದನ್ನೇ ನಾನು ಹದಿನೈದು ದಿನದಿಂದ ಅರಗಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದೇನೆ. ಮುಂಗುಸಿ ಎಂದ, ಮುಂಗುಸಿ ಹೊಕ್ಕಿಲ್ಲ. 22 ಎಂದ, 22ನ್ನೇ ಕೊಟ್ಟ.

ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡೋಣ ಎಂದು ಚೀಟಿ ಹುಡುಕಿ ತೆಗೆದೆ. ಆಗ ಸರಿಯಾಗಿ ನೋಡಿದರೆ ಅದು ಬಿಲ್ಲೇ ಅಲ್ಲ, ‘ಎಸ್ಟಿಮೇಟ್’ ಎಂದು ತಲೆಬರಹವಿದ್ದ ಹಾಳೆ. ಜಿಎಸ್‌ಟಿ ಸಂಖ್ಯೆ ಇಲ್ಲ, ಸಹಿ ಇಲ್ಲ. ಮೊಬೈಲಿನಲ್ಲಿ ಹಣ ಕಳಿಸಿದ ದಾಖಲೆ ಇದೆ, ದೂರು ಕೊಡುತ್ತೇನೆ. ಏನಾಗುತ್ತದೋ ಆಗಲಿ.

ಉರುಳು ಇಡು ಎಂದು ಒಬ್ಬರು, ವಿಷ ಹಾಕು ಎಂದು ಇನ್ನೊಬ್ಬರು ಸಲಹೆ ಕೊಟ್ಟರು. ದಯವಿಟ್ಟು ಯಾರೂ ಆ ಕೆಲಸಕ್ಕೆ ಹೋಗಬೇಡಿ. ಮುಂಗುಸಿ, ಕಬ್ಬೆಕ್ಕು ಎರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕೋಳಿ ಕಳೆದುಕೊಂಡದ್ದು ಸಾಲದೆಂದು ಕೋರ್ಟು ಕಚೇರಿಯೂ ಬೇಕೇ? ಕಬ್ಬೆಕ್ಕಿನ ಮೇಲೆ ನನಗೆ ಸಿಟ್ಟೂ ಇಲ್ಲ. ಅದು ನನಗೆ ಯಾವ ಗ್ಯಾರಂಟಿಯನ್ನೂ ಬರೆದುಕೊಟ್ಟಿರಲಿಲ್ಲ.

ಕೊಳ್ಳಲೇಬೇಕು ಎನ್ನುವವರಿಗೆ ನನ್ನ ಅನುಭವದಿಂದ ಇಷ್ಟು ಹೇಳುತ್ತೇನೆ. ಗೇಜ್ ಗೀಜ್ ಕೇಳಬೇಡಿ, ಮಿಲಿಮೀಟರ್ ಕೇಳಿ, ಅದೂ ಪ್ಲಾಸ್ಟಿಕ್ ಹೆರೆದು ತೋರಿಸಿದ ಮೇಲೆ. ಆರು ಮೂಲೆಯ ಕಣ್ಣಿನ ಕೋಳಿ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಬೇರೆ ಪ್ರಾಣಿ ಒಳಗೆ ಬರದಂತೆ ತಡೆಯುವುದಿಲ್ಲ. ಬೇಕಾದದ್ದು ಅರ್ಧ ಇಂಚಿನ ಚೌಕ ಕಣ್ಣಿನ ವೆಲ್ಡ್ ಮೆಶ್. ಕಣ್ಣು ದೊಡ್ಡದಿದ್ದರೆ ಹಾವು ಒಳಗೆ ಬಂದು ಮರಿ, ಮೊಟ್ಟೆ ನುಂಗುತ್ತದೆ. ಜಾಲರಿಯನ್ನು ಚೌಕಟ್ಟಿಗೆ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿ. ಗೂಡು ನೆಲದ ಮೇಲೆ ಕೂರುವುದಾದರೆ ಜಾಲರಿ ಸುತ್ತಲೂ ಒಂದಡಿ ಮಣ್ಣಿನೊಳಗೆ ಇಳಿಯಲಿ, ಇಲ್ಲವಾದರೆ ನಾಯಿ, ಹೆಗ್ಗಣ ತೋಡುತ್ತವೆ. ಮಿಣುಕು ದೀಪಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. ಗ್ಯಾರಂಟಿ ಬರೆಸುವುದಿದ್ದರೆ ‘ಯಾವ ಪ್ರಾಣಿ ಹೊಕ್ಕರೂ’ ಎಂದು ಬರೆಸಿ, ಅದೂ ಬಿಲ್ಲಿನ ಮೇಲೆ. ಪ್ರಾಣಿಯ ಹೆಸರನ್ನು ಮಾತ್ರ ನೀವಾಗಿ ಬಾಯಿಬಿಡಬೇಡಿ.

ಒಡ್ಡಿಗೆ ಹೊಸ ಕಾಲು ಹಾಕಿಸಿದ್ದಾಯಿತು. 350 ರೂಪಾಯಿ ಖರ್ಚು. ಉಳಿದ ಮೂರು ಅದರಲ್ಲಿ ಮಲಗುತ್ತವೆ. ಹೇಟೆ ಮರದಿಂದ ಇಳಿದು ತಾನಾಗಿಯೇ ಬಂದು ಒಳಗೆ ಸೇರಿಕೊಂಡಿತು. ಅಮ್ಮ ಏನೂ ಹೇಳಲಿಲ್ಲ. ಹಸಿರು ಗೂಡಿನಲ್ಲಿ ಈಗ ಒಣಗಿದ ಅಡಿಕೆ ಹಾಳೆ ಪೇರಿಸಿದ್ದಾರೆ.

ಇಷ್ಟು ದಿನ ನಾಚಿಕೆಯಿಂದ ಸುಮ್ಮನಿದ್ದವನು ಇವತ್ತು ಬರೆಯಲು ಕೂತದ್ದಕ್ಕೆ ಕಾರಣ, ನಿನ್ನೆ ರಾತ್ರಿ ಅವನ ವಾಟ್ಸಾಪ್ ಸ್ಟೇಟಸ್ ನೋಡಿದೆ. ‘ಹೊಸ ಮಾಡೆಲ್! ಕಬ್ಬೆಕ್ಕು ಗ್ಯಾರಂಟಿ 2 ವರ್ಷ. 23,500 ಮಾತ್ರ.’ ಕೆಳಗೊಂದು ಫೋಟೋ. ಹಸಿರು ಜಾಲರಿ, ತಗಡು, ಕೆಂಪು ದೀಪ, ಹಿಂದೆ ಹಲಸಿನ ಮರ, ಮರದ ಕೊಂಬೆಯ ಮೇಲೊಂದು ಹೇಟೆ. ಬಲಗಡೆ ಅಂಚಿನಲ್ಲಿ, ಕಾಳಿನ ಮೊರ ಹಿಡಿದ ನಮ್ಮ ಅಮ್ಮನ ಅರ್ಧ ಕೈ.